ಹತ್ತರಲ್ಲಿ ಒಂದು: ದಶಮಾಂಶದ ಲೆಕ್ಕ ಮತ್ತು ಅದರ ದಾರಿ

ಮೈಸೂರಿನ ವಿದ್ಯಾರಣ್ಯಪುರದ ಒಂದು ಬಾಡಿಗೆ ಮನೆ ಎಂದುಕೊಳ್ಳಿ. ಗಂಡ ಆಟೊ ಓಡಿಸುತ್ತಾರೆ. ಹೆಂಡತಿ ಪಕ್ಕದ ವಿಶ್ವೇಶ್ವರನಗರ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದಾರೆ. ಪ್ರತಿ ಭಾನುವಾರ ಆರಾಧನೆಗೆ ಹೋಗುವ ಈ ದಂಪತಿ ಇನ್ನು ಮುಂದೆ ದಶಮಾಂಶ ಕೊಡಬೇಕೆಂದು ನಿರ್ಧರಿಸಿದ್ದಾರೆ. ಹತ್ತರಲ್ಲಿ ಒಂದು ಪಾಲು ಎನ್ನುವುದು ಸುಲಭ, ಯಾವ ಮೊತ್ತದ ಹತ್ತರಲ್ಲಿ ಒಂದು ಎಂದಾಗ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ.

ಆಟೊದಿಂದ ತಿಂಗಳಿಗೆ 32,000 ರೂಪಾಯಿ ಬಂದು, ಗ್ಯಾಸು, ರಿಪೇರಿ, ಇನ್ಶೂರೆನ್ಸಿಗೆ 12,000 ಹೋದರೆ, ದುಡಿಮೆಯ ಫಲ 20,000. ದಶಮಾಂಶ 2,000. ಹೊಲದವನು ಬಿತ್ತನೆಯ ಬೀಜವನ್ನು ಬೆಳೆಯ ಲೆಕ್ಕಕ್ಕೆ ಸೇರಿಸುವುದಿಲ್ಲವಲ್ಲ, ಹಾಗೆಯೇ ಇದು. ಹೆಂಡತಿಯ ಸಂಬಳ 14,000. ಪಿಎಫ್, ಇಎಸ್‌ಐ ಕಳೆದು ಕೈಗೆ ಬರುವುದು ಸುಮಾರು 12,200. ಪೂರ್ತಿ ಸಂಬಳಕ್ಕೆ 1,400 ಕೊಡುವವರಿದ್ದಾರೆ, ಕೈಗೆ ಬಂದದ್ದಕ್ಕೆ 1,220 ಕೊಡುವವರೂ ಇದ್ದಾರೆ. ಬೈಬಲ್ ಈ ಪ್ರಶ್ನೆಗೆ ತೀರ್ಪು ಕೊಟ್ಟಿಲ್ಲ. ಎರಡನೆಯ ದಾರಿ ಹಿಡಿದವರು ಮುಂದೆ ಪಿಎಫ್ ಹಣ ಕೈಸೇರಿದಾಗ, ಅದರಲ್ಲಿ ತಾವು ದಶಮಾಂಶ ಕೊಡದೆ ಉಳಿಸಿಕೊಂಡ ಭಾಗವನ್ನು ನೆನಪಿಟ್ಟುಕೊಂಡರೆ ಸಾಕು.

ಯಾವ ದಿನ ಎತ್ತಿಡುತ್ತೇವೆ ಎನ್ನುವುದು ಮೊತ್ತದಷ್ಟೇ ಮುಖ್ಯ. ಸಂಬಳ ಬಂದ ದಿನವೇ ಬೇರೆ ಕವರಿಗೆ ಹಾಕಿದ ಹಣ ಉಳಿಯುತ್ತದೆ. ತಿಂಗಳ ಕೊನೆಗೆ ನೋಡೋಣ ಎಂದಿಟ್ಟದ್ದು ಶಾಲಾ ಫೀಸಿಗೋ ಗ್ಯಾಸ್ ಸಿಲಿಂಡರಿಗೋ ಹೋಗಿರುತ್ತದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 16ನೇ ಅಧ್ಯಾಯದಲ್ಲಿ ಹೇಳುವುದೂ ಇದನ್ನೇ: ವಾರದ ಮೊದಲ ದಿನ ಪ್ರತಿಯೊಬ್ಬರೂ ಸಂಪಾದನೆಗೆ ತಕ್ಕಂತೆ ಎತ್ತಿಡಬೇಕು. ಅಲ್ಲಿ ಅವನು ಕೂಡಿಸುತ್ತಿದ್ದದ್ದು ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ.

ದಶಮಾಂಶದ ಮೂಲವನ್ನು ಹುಡುಕಿದರೂ ಬಡವರೇ ಎದುರಾಗುತ್ತಾರೆ. ಅರಣ್ಯಕಾಂಡದ 18ನೇ ಅಧ್ಯಾಯದ ಪ್ರಕಾರ ದಶಮಾಂಶ ಲೇವಿಯರ ಪಾಲು. ದೇವಾಲಯದ ಸೇವೆಗೆ ನಿಂತ ಆ ಕುಲಕ್ಕೆ ಹೊಲಗದ್ದೆಯ ಹಂಚಿಕೆ ಇರಲಿಲ್ಲ. ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಮೂರನೇ ವರ್ಷದ ದಶಮಾಂಶವನ್ನು ಊರಲ್ಲೇ ಇಟ್ಟು ಲೇವಿಯರು, ಪರದೇಶಿಗಳು, ಅನಾಥರು, ವಿಧವೆಯರು ಹೊಟ್ಟೆತುಂಬ ಉಣ್ಣಲಿ ಎನ್ನುತ್ತದೆ. ನಮ್ಮ ಸಭೆಗಳಲ್ಲಿ ಮಲಾಕಿಯನ 3ನೇ ಅಧ್ಯಾಯ ಎಷ್ಟು ಸಲ ಓದಲ್ಪಡುತ್ತದೋ ಅಷ್ಟು ಸಲ ಈ ಭಾಗ ಓದಲ್ಪಡುವುದಿಲ್ಲ ಎನ್ನುವುದು ನನಗೆ ನೋವಿನ ಸಂಗತಿ. ದಶಮಾಂಶವನ್ನು ಬಂಡಾರಕ್ಕೆ ತನ್ನಿರಿ ಎಂಬ ಮಲಾಕಿಯನ ಮಾತಿಗೆ ಹಿನ್ನೆಲೆ ಬೇಕಿದ್ದರೆ ನೆಹೆಮೀಯನ 13ನೇ ಅಧ್ಯಾಯ ನೋಡಿ: ಪಾಲು ಸಿಗದೆ ಲೇವಿಯರು ಸೇವೆ ಬಿಟ್ಟು ಹೊಲಗಳಿಗೆ ಓಡಿಹೋಗಿದ್ದರು. ಬಂಡಾರ ಎಂದರೆ ಧಾನ್ಯದ ಉಗ್ರಾಣ, ಹಸಿದವರ ಊಟ. ಆ ವಚನವನ್ನು ಹಿಡಿದು ‘ಇಷ್ಟು ಹಾಕಿ, ಹತ್ತರಷ್ಟು ಬರುತ್ತದೆ’ ಎಂದು ಬೋಧಿಸುವುದು ಬಡವರ ಮೇಲಿನ ಅನ್ಯಾಯ.

ಹೊಸ ಒಡಂಬಡಿಕೆಯಲ್ಲಿ ಶೇಕಡಾವಾರು ಕಟ್ಟಳೆ ಇಲ್ಲ. ಬಲವಂತವಿಲ್ಲದೆ, ಸಂತೋಷದಿಂದ ಕೊಡಬೇಕೆಂಬ ಬೋಧನೆಯಿದೆ. ಹಾಗಾಗಿ ಸಭೆಯಿಂದ ಸಭೆಗೆ ರೂಢಿ ಬೇರೆ. ಪೆಂತೆಕೊಸ್ತ್ ಸಭೆಗಳು ದಶಮಾಂಶವನ್ನು ಒತ್ತಿ ಹೇಳುತ್ತವೆ. ಅಂಥ ಎಷ್ಟೋ ಸ್ವತಂತ್ರ ಸಭೆಗಳಲ್ಲಿ ಪಾಸ್ಟರ ಮನೆಯ ಒಲೆ ಉರಿಯುವುದೂ ಅದರಿಂದಲೇ. ಸಿಎಸ್‌ಐ ಸಭೆಗಳಲ್ಲಿ ಮಾಸಿಕ ವಂತಿಗೆ, ಕಾಣಿಕೆ ಚೀಲ, ಸ್ತೋತ್ರ ಕಾಣಿಕೆ, ಸುಗ್ಗಿ ಹಬ್ಬದ ಹರಾಜು ಎಲ್ಲ ಸೇರಿ ವರಮಾನ, ಅದರಲ್ಲಿ ಒಂದು ಪಾಲು ಡಯಾಸಿಸ್‌ಗೆ. ಕ್ಯಾಥೊಲಿಕ್ ಧರ್ಮಸಭೆಯ ಕಾನೂನು (ವಿಧಿ 222) ಧರ್ಮಸಭೆಯ ಅಗತ್ಯಕ್ಕೂ ಬಡವರಿಗೂ ನೆರವಾಗುವುದು ಭಕ್ತರ ಹೊಣೆ ಎನ್ನುತ್ತದೆ, ಹತ್ತರಲ್ಲಿ ಒಂದು ಎಂದು ಗೆರೆ ಎಳೆಯುವುದಿಲ್ಲ.

ಸಣ್ಣ ಕೊಡುಗೆಯ ಬಲವನ್ನು ಕರ್ನಾಟಕ ಕಣ್ಣಾರೆ ಕಂಡಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ 1855ರಿಂದ ಆಸರೆಯಾದ ಒಂದು ನಿಧಿಗೆ ಅರ್ಧ ಬಾಟ್ಸನ್ ಎಂಬ ಚಿಲ್ಲರೆ ನಾಣ್ಯದ ಹೆಸರು. ಯುರೋಪಿನ ಸಾಮಾನ್ಯ ಜನ ವಾರಕ್ಕೊಂದರಂತೆ ಕೊಟ್ಟು ಬೆಳೆಸಿದ್ದು. ನೆರೆಯ ತೆಲುಗು ನಾಡಿನ ದೋರ್ಣಕಲ್‌ನಲ್ಲಿ, ಭಾರತೀಯ ಮೂಲದ ಮೊದಲ ಆಂಗ್ಲಿಕನ್ ಬಿಷಪ್ ವಿ. ಎಸ್. ಅಜರಯ್ಯನವರ ಕಾಲದಲ್ಲಿ, ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗಲೇ ಒಂದು ಹಿಡಿ ದೇವರಿಗೆಂದು ತೆಗೆದಿಡುತ್ತಿದ್ದರು. ಹೆಚ್ಚಿನವರು ಕೂಲಿ ಮಾಡುವ ದಲಿತ ಕುಟುಂಬದವರು. ಬಡವರಿಗೆ ಕೊಡುವ ಶಕ್ತಿ ಇಲ್ಲ ಎಂದು ಯಾರೂ ಅವರ ಪರವಾಗಿ ತೀರ್ಮಾನಿಸಬಾರದು.

ಹಾಗೆಂದು ಮೀಟರ್ ಬಡ್ಡಿಗೆ ಸಾಲ ತಂದು ದಶಮಾಂಶ ಕಟ್ಟುವುದೂ ತಪ್ಪು. ಇದ್ದುದಕ್ಕೆ ತಕ್ಕಂತೆ ಕೊಟ್ಟದ್ದು ಸಮರ್ಪಕ, ಇಲ್ಲದ್ದನ್ನು ಕೇಳುವುದಿಲ್ಲ ಎಂಬ ಅರ್ಥದ ಮಾತು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲೇ ಇದೆ. ಸಾಲದಲ್ಲಿರುವವರು ನೂರಕ್ಕೆ ಎರಡೋ ಮೂರೋ ರೂಪಾಯಿಯಿಂದ ಶುರುಮಾಡಿ, ಕಂತು ಮುಗಿದಂತೆ ಏರಿಸಬಹುದು.

ಕೊಟ್ಟ ಮೇಲೆ ಲೆಕ್ಕ ಕೇಳುವುದು ಅವಿಶ್ವಾಸದ ಗುರುತಲ್ಲ. ಬಡವರಿಗಾಗಿ ಕೂಡಿದ ಹಣವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡ. ಕಾಣಿಕೆಯನ್ನು ಇಬ್ಬರು ಎಣಿಸಿ ಸಹಿ ಹಾಕುವುದು, ಹೆಸರು ಬರೆದ ಕವರಿಗೆ ರಸೀದಿ, ಸಭೆಯ ಹೆಸರಿನಲ್ಲೇ ಬ್ಯಾಂಕ್ ಖಾತೆ, ವಾರ್ಷಿಕ ಸಭೆಯಲ್ಲಿ ಆಡಿಟ್ ಆದ ಲೆಕ್ಕಪತ್ರ, ಇಷ್ಟು ಇರಲೇಬೇಕು. ಯುಪಿಐ ಮಾಡುವಾಗ ಪರದೆಯಲ್ಲಿ ಬರುವ ಹೆಸರು ಸಭೆಯದೋ ವ್ಯಕ್ತಿಯದೋ ನೋಡಿಕೊಳ್ಳಿ. ಲೆಕ್ಕಪತ್ರದಲ್ಲಿ ಬಡವರಿಗೆ, ರೋಗಿಗಳಿಗೆ, ಮಕ್ಕಳ ಓದಿಗೆ ಎಷ್ಟು ಹೋಯಿತು ಎಂಬ ಸಾಲನ್ನು ಹುಡುಕಿ. ಕಾಣದಿದ್ದರೆ ಎದ್ದು ನಿಂತು ಕೇಳಿ.

ತೆರಿಗೆಯ ಮಾತು ಚಿಕ್ಕದು. 80ಜಿ ಎಂದು ಪರಿಚಿತವಾದ ರಿಯಾಯಿತಿ ಒಂದು ಧರ್ಮದವರ ಆರಾಧನೆಗೆಂದೇ ಇರುವ ಸಂಸ್ಥೆಗೆ ಕೊಟ್ಟ ಹಣಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಎಲ್ಲರಿಗೂ ತೆರೆದ ಆಸ್ಪತ್ರೆ, ಅನಾಥಾಲಯದಂಥ ನೋಂದಾಯಿತ ಸೇವಾಸಂಸ್ಥೆಗೆ ಕೊಟ್ಟರೆ ಸಿಗಬಹುದು; ಆದರೆ 2,000 ರೂಪಾಯಿಗೆ ಮೇಲ್ಪಟ್ಟ ನಗದಿಗೆ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ವಿದೇಶದಲ್ಲಿರುವ ಮಕ್ಕಳು ಊರಿನ ಸಭೆಗೆ ಕಳಿಸುವ ಹಣದಲ್ಲಿ ಮಾತ್ರ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಆ ದೇಶದ ಪೌರತ್ವ ಪಡೆದವರು ಕಳಿಸಿದರೆ ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ಅಡಿ ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ, ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ತೆರೆದ ಖಾತೆಯಲ್ಲಿ, ಅದನ್ನು ಸ್ವೀಕರಿಸಬಹುದು. ಕಳಿಸುವ ಮುನ್ನ ಸಭೆಯ ಖಜಾಂಚಿಗೆ ಒಂದು ಫೋನ್ ಮಾಡಿ, ನೋಂದಣಿ ಇದೆಯೇ ಎಂದು ಕೇಳಬೇಕು.