ನಂಬಿಕೆಗೂ ಒಂದು ಚಕ್ಕುಬಂದಿ

ಸ್ವಂತ ಮನೆ ಇರುವುದು ಮೈಸೂರಿನಲ್ಲಿ. ವಾಸ ಮುಂಬಯಿಯ ಮಗಳ ಮನೆಯಲ್ಲಿ. ಎಪ್ಪತ್ತು ದಾಟಿದ ಇಂತಹ ತಾಯಿಯೊಬ್ಬರು ಆ ಮನೆಯನ್ನು ಮಾರಲು ನಿಶ್ಚಯಿಸಿದರೆಂದು ಭಾವಿಸಬಹುದು. ಪದೇ ಪದೇ ಊರಿಗೆ ಓಡಾಡುವ ತ್ರಾಣ ಅವರಿಗಿಲ್ಲ. “ಅತ್ತೆ, ನೀವೇಕೆ ಶ್ರಮಪಡುತ್ತೀರಿ? ಒಂದು ಪವರ್ ಆಫ್ ಅಟಾರ್ನಿ ಬರೆದುಕೊಡಿ, ಉಳಿದುದನ್ನು ನಾನು ನೋಡಿಕೊಳ್ಳುತ್ತೇನೆ” ಎನ್ನುತ್ತಾನೆ, ಮೈಸೂರಿನಲ್ಲಿರುವ ಅಣ್ಣನ ಮಗ.

ಅವನ ಮನಸ್ಸಿನಲ್ಲಿ ಕಪಟವಿಲ್ಲ. ಆದರೆ ಅವನು ತಂದ ಕರಡು ಬೇರೆಯೇ ಮಾತನ್ನಾಡುತ್ತದೆ. ಈಗಿರುವ ಮತ್ತು ಮುಂದೆ ಬರಬಹುದಾದ ಸಮಸ್ತ ಸ್ವತ್ತುಗಳನ್ನೂ ಮಾರಲು, ಅಡವಿಡಲು, ಹಣ ಪಡೆಯಲು ಅದರಲ್ಲಿ ಅಧಿಕಾರವಿದೆ! ಎಲ್ಲಿಯದೋ ಹಳೆಯ ನಮೂನೆಯ ನಕಲು ಅದು. ಸಹಿ ಹಾಕದಿದ್ದರೆ ಹುಡುಗನಿಗೆ ನೋವು. ಹಾಕಿದರೆ ಅತ್ತೆಗೆ ದಿಗಿಲು.

ಈ ಇಕ್ಕಟ್ಟಿಗೆ ಪರಿಹಾರವೇ ಒಂದೇ ಕಾರ್ಯಕ್ಕೆ ಸೀಮಿತವಾದ ಅಧಿಕಾರಪತ್ರ. ರೂಢಿಯಲ್ಲಿ ಇದಕ್ಕೆ ‘ಸ್ಪೆಷಲ್ ಪವರ್ ಆಫ್ ಅಟಾರ್ನಿ’ ಎಂದು ಹೆಸರು. ಮಾರತಕ್ಕ ಮನೆ ಯಾವುದು, ಅದರ ಖಾತೆ, ಅಳತೆ, ಚಕ್ಕುಬಂದಿಗಳೇನು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಇಷ್ಟು ಹಣಕ್ಕಿಂತ ಕಡಿಮೆಗೆ ಮಾರಕೂಡದು, ಕ್ರಯದ ಹಣ ಒಡತಿಯ ಬ್ಯಾಂಕ್ ಖಾತೆಗೇ ಸೇರಬೇಕು, ಅಡವಿಡುವ ಅಥವಾ ದಾನ ಕೊಡುವ ಅಧಿಕಾರವಿಲ್ಲ, ಈ ಅಧಿಕಾರವನ್ನು ಮತ್ತೊಬ್ಬನಿಗೆ ವಹಿಸಕೂಡದು, ಇಂಥ ದಿನಾಂಕಕ್ಕೆ ಪತ್ರ ಮುಗಿಯುತ್ತದೆ—ಈ ಐದು ಮಾತುಗಳನ್ನೂ ಬರೆಸುವುದು ಕ್ಷೇಮ.

ಒಡತಿಯ ಪರವಾಗಿ ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸುವ ಅಧಿಕಾರಪತ್ರ ಹೇಗಿರಬೇಕೆಂಬುದನ್ನು 1908ರ ನೋಂದಣಿ ಕಾಯಿದೆಯ 33ನೆಯ ಪ್ರಕರಣ ವಿಧಿಸಿದೆ. ಭಾರತದಲ್ಲಿ ವಾಸಿಸುವವರು ತಾವಿರುವ ಪ್ರದೇಶದ ಸಬ್‌ರಿಜಿಸ್ಟ್ರಾರರ ಸಮಕ್ಷಮದಲ್ಲಿ ಅದಕ್ಕೆ ಸಹಿ ಮಾಡಿ ದೃಢೀಕರಿಸಿಕೊಳ್ಳಬೇಕು. ಆದುದರಿಂದ ಈ ತಾಯಿ ಮುಂಬಯಿಯಲ್ಲಿಯೇ ಆ ಕಾರ್ಯವನ್ನು ಪೂರೈಸಬಹುದು. ದೇಹದ ಅಶಕ್ತತೆಯಿಂದ ಕಚೇರಿಗೆ ಬರಲಾಗದವರ ಮನೆಗೆ ಅಧಿಕಾರಿಯೇ ಹೋಗಿ ವಿಚಾರಿಸಲೂ ಕಾಯಿದೆಯಲ್ಲಿ ಅವಕಾಶವಿದೆ. ಅಮೆರಿಕದಲ್ಲಿರುವ ಮಗನೂ ಮನೆಯ ಪಾಲುದಾರನಾಗಿದ್ದರೆ ಅವನು ಅಲ್ಲಿನ ನೋಟರಿಯ ಅಥವಾ ಭಾರತದ ಕಾನ್ಸಲರ ಮುಂದೆ ಸಹಿ ಮಾಡಬಹುದು. ಹಾಗೆ ಬಂದ ಪತ್ರಕ್ಕೆ, ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಸಲ್ಲಿಸಬೇಕು.

ಕೊಳ್ಳುವವರೂ ಎಚ್ಚರದಿಂದಿರಬೇಕು. ಅಧಿಕಾರಪತ್ರವೇ ಕ್ರಯಪತ್ರವಲ್ಲ. ಕೇವಲ ಜನರಲ್ ಪವರ್ ಆಫ್ ಅಟಾರ್ನಿಯ ಮೂಲಕ ನಡೆಸಿದ ‘ಮಾರಾಟ’ದಿಂದ ಮನೆಯ ಒಡೆತನ ದಾಟುವುದಿಲ್ಲವೆಂದು 2011ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆದರೆ ಬಂಧುವೊಬ್ಬನಿಗೆ ಕ್ರಯಪತ್ರ ಮಾಡಿಕೊಡಲು ಪ್ರಾಮಾಣಿಕವಾಗಿ ವಹಿಸಿದ ಅಧಿಕಾರಕ್ಕೆ ಈ ತೀರ್ಪು ಬಾಧಕವಲ್ಲವೆಂದೂ ಅದೇ ನ್ಯಾಯಾಲಯ ಹೇಳಿದೆ.

ಇನ್ನೊಂದು ಸಂಗತಿಯನ್ನು ಅನೇಕರು ಮರೆಯುತ್ತಾರೆ. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅಳಿಯುತ್ತದೆ. ಪತ್ರ ಹಿಡಿದವನಿಗೆ ಆ ಸ್ವತ್ತಿನಲ್ಲಿಯೇ ಸ್ವಂತ ಹಿತವಿದ್ದಾಗ ಮಾತ್ರ ನಿಯಮ ಬೇರೆ. ಬದುಕಿರುವಾಗಲೇ ರದ್ದುಪಡಿಸುವುದಾದರೆ ಮನಸ್ಸಿನಲ್ಲಿ ನಿಶ್ಚಯಿಸಿದರೆ ಸಾಲದು. ಪತ್ರ ಹಿಡಿದವನಿಗೂ ಅವನೊಡನೆ ವ್ಯವಹರಿಸುವವರಿಗೂ ಅದು ತಿಳಿಯಬೇಕು. ತಿಳಿಯುವವರೆಗೆ ರದ್ದತಿ ಅವರ ಮಟ್ಟಿಗೆ ಜಾರಿಗೆ ಬಾರದು.

ಇಷ್ಟೆಲ್ಲ ಕಟ್ಟುಪಾಡು ಹಾಕಿದರೆ ಹುಡುಗ ನೊಂದುಕೊಳ್ಳಲಾರನೇ? ಅವನ ಹಿತವೂ ಇದರಲ್ಲಿಯೇ ಅಡಗಿದೆ. ನಾಳೆ ದಾಯಾದಿಗಳಲ್ಲಿ ಯಾರಾದರೂ “ಕಡಿಮೆಗೆ ಮಾರಿದ, ಹಣ ನುಂಗಿದ” ಎಂದು ಬೆರಳೆತ್ತಿದರೆ, ಅವನನ್ನು ಕಾಯುವುದು ಆ ಪತ್ರದ ಮಿತಿಗಳೇ. ಮನೆಯ ನಿವೇಶನಕ್ಕೆ ಚಕ್ಕುಬಂದಿ ಬರೆಸುವುದು ನೆರೆಯವರೊಡನೆ ವ್ಯಾಜ್ಯ ಬಾರದಿರಲೆಂದು. ಅತ್ತೆ ಸೋದರಳಿಯನಿಗೆ ಒಪ್ಪಿಸುವ ನಂಬಿಕೆಗೂ ಅದೇ ನ್ಯಾಯ. ಕ್ರಯದ ಹಣ ಖಾತೆ ಸೇರಿದ ಮೇಲೂ ಅವನು ಹಬ್ಬಕ್ಕೆ ಆ ಮನೆಗೆ ಹಿಂದಿನಂತೆಯೇ ಬರುವಂತಿರಬೇಕಲ್ಲವೇ?