ಗಡಸು ನೀರಿಗೆ ಅಂಟುವಾಳ

ಹಿಂದೂಪುರ, ಕಲ್ಯಾಣದುರ್ಗಗಳ ಕೊಳವೆಬಾವಿಗಳ ಗಡಸು ನೀರಿನಲ್ಲಿ ಸಾಬೂನು ಸುಲಭವಾಗಿ ನೊರೆಗೊಡದು. ನೀರಿನ ಸುಣ್ಣದಂಶದೊಡನೆ ಕೂಡಿ, ಬಿಳಿಯ ಜಿಡ್ಡಾಗಿ ಬಟ್ಟೆಗೇ ಹತ್ತಿಕೊಳ್ಳುತ್ತದೆ. ಅದನ್ನು ಕಳೆಯಲು ಮತ್ತೆ ಮತ್ತೆ ಜಾಲಿಸಬೇಕು. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯಷ್ಟೇ ಬೀಳುವ ಈ ಸೀಮೆಯಲ್ಲಿ ಸಾಬೂನಿಗಿಂತ ಆ ನೀರಿನ ನಷ್ಟವೇ ದೊಡ್ಡದು.

ಕನ್ನಡದ ಅಂಟುವಾಳ, ತೆಲುಗಿನ ಕುಂಕುಡುಕಾಯಿ, ಮರಾಠಿಯ ರಿಠಾ ಒಂದೇ ಕಾಯಿಯ ಹೆಸರುಗಳು. (ಹೆಸರಿನಲ್ಲಿ ಅಂಟು ಕೇಳಿಸಿದರೂ ಅದರ ಕೆಲಸ ಅಂಟನ್ನು ಬಿಡಿಸುವುದೇ.) ಸಿಪ್ಪೆಯಲ್ಲಿರುವ ಸಪೋನಿನ್ ಸುಣ್ಣದೊಡನೆ ಸಾಬೂನಿನಂತೆ ಗರಣೆಗಟ್ಟುವುದಿಲ್ಲ. ಬೀಜ ತೆಗೆದ 10 ಕಾಯಿಗಳನ್ನು 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಕಿವುಚಿ ಸೋಸಿದರಾಯಿತು. ರೇಷ್ಮೆ ಸೀರೆಗೆ ಇದಕ್ಕಿಂತ ಹಿತವಾದುದು ವಿರಳ: ಸಾಬೂನಿನ ಕ್ಷಾರ ರೇಷ್ಮೆಯ ಎಳೆಯನ್ನು ಸವೆಸುತ್ತದೆ, ಈ ರಸದಲ್ಲಿ ಕ್ಷಾರವಿಲ್ಲ. ಕಣ್ಣಿಗೆ ಮಾತ್ರ ತಾಗಬಾರದು. ಎರಡು ಮೂರು ದಿನಗಳಲ್ಲಿ ಹಳಸುವುದರಿಂದ ಆಗಾಗ ಹೊಸದಾಗಿ ಮಾಡಿಕೊಳ್ಳಬೇಕು.