ಸೋರುವ ಜಾಗ ಬೇರೆ, ಬೀಳುವ ಜಾಗ ಬೇರೆ

ತೀರ್ಥಹಳ್ಳಿ ಕಡೆಯ ನಮ್ಮ ಹಂಚಿನ ಮನೆಯಲ್ಲಿ ಜಗಲಿಯ ಮೂಲೆಗೆ ಎರಡು ಮಳೆಗಾಲ ನೀರು ತೊಟ್ಟಿಕ್ಕಿತು. ಅದರ ನೇರಕ್ಕಿದ್ದ ಹಂಚನ್ನು ಬದಲಿಸಿದ್ದಾಯಿತು, ಸೋರಿಕೆ ನಿಲ್ಲಲಿಲ್ಲ. ಕೊನೆಗೆ ಅಪ್ಪಯ್ಯ ಜಡಿಮಳೆಯಲ್ಲೇ ಟಾರ್ಚ್ ಹಿಡಿದು ಅಟ್ಟ ಹತ್ತಿದರು. ಒಡೆದ ಹಂಚು ನಾಲ್ಕು ಮೊಳ ಮೇಲಿತ್ತು! ನೀರು ಹಂಚಿನಡಿಯ ರೀಪಿಗೆ ಇಳಿದು, ಇಳಿಜಾರಿನ ಪಕಾಸು ಹಿಡಿದು ಹರಿದು, ಇಲ್ಲಿ ಬೀಳುತ್ತಿತ್ತು. ಅವರು ಅಲ್ಲೇ ಇದ್ದಿಲಿನಿಂದ ಗುರುತು ಹಾಕಿದರು. ಮಳೆ ಹೊಳವಾದ ಮೇಲೆ ಆ ಗುರುತು ಹುಡುಕಿ ಹಂಚು ಬದಲಿಸಿದೆವು.

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಈ ಹಂಚುಗಳು ಒಂದರ ಅಂಚಿನ ಗಾಡಿಯಲ್ಲಿ (ಉದ್ದನೆಯ ತಗ್ಗಿನಲ್ಲಿ) ಇನ್ನೊಂದು ಕೂರುವಂಥವು. ಗಾಡಿಯಲ್ಲಿ ಪಾಚಿ ಕಟ್ಟಿದರೆ, ಮಂಗ ಹಾರಿ ಹಂಚು ಒಂದು ಬೆರಳು ಸರಿದರೆ, ನೀರು ಒಳಗೆ ಬಂದಂತೆಯೇ.

ಎರಡು ಮಾಡು ಕೂಡುವ ಕಡೆಯ ತಗಡಿನ ದಂಬೆಯದೇ ನನಗೆ ಹೆಚ್ಚು ಭಯ. ಅಲ್ಲಿ ತರಗೆಲೆ ಕೊಳೆತು ಕಟ್ಟಿಕೊಂಡರೆ ನೀರು ಉಕ್ಕಿ ಹಂಚಿನಡಿ ನುಗ್ಗುತ್ತದೆ. ಏಪ್ರಿಲ್‌ನಲ್ಲೇ ಅದನ್ನು ಬರಿದು ಮಾಡಿಸುತ್ತೇನೆ. ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟುತ್ತೇನೆ: ಠಣ್ ಎಂದರೆ ಗಟ್ಟಿ, ಒಡಕು ಸದ್ದಾದರೆ ಬಿರುಕು. ಬಿರುಕಿಗೆ ಸಿಮೆಂಟ್ ಮೆತ್ತಬೇಡಿ. ಮರುವರ್ಷ ಅದೂ ಬಿರಿಯುತ್ತದೆ, ಪಕ್ಕದ ಹಂಚಿಗೂ ಅಂಟಿಕೊಂಡಿರುತ್ತದೆ. ಹತ್ತಿಪ್ಪತ್ತು ಹಳೆಯ ಹಂಚು ಕೊಟ್ಟಿಗೆಯಲ್ಲಿರಲಿ. ಅಳತೆ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ, ಹೊಸದು ಕೂರುವುದಿಲ್ಲ.

ಒದ್ದೆ ಮಾಡಿನ ಮೇಲೆ ಮಾತ್ರ ಕಾಲಿಡಬೇಡಿ, ದಯವಿಟ್ಟು. ಸೋರುವ ರಾತ್ರಿ ಬಕೆಟ್ ಇಟ್ಟು ಮಲಗಿ.